ಬೆಲೆ ಬಂದ ಮೇಲೆ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಕೊಬ್ಬರಿಯಾಗೋಕೆ ಹೆಚ್ಚುಕಮ್ಮಿ ವರ್ಷ ಹಿಡಿಯುತ್ತೆ. ಅಟ್ಟದ ಮೇಲೆ ಹಾಕಿಬಿಟ್ಟರೆ ಒಳಗಿನ ನೀರು ತಾನಾಗೇ ಹಿಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಮಾಡಬೇಕು. ಬೆಲೆ ನಿಲ್ಲೋದು ಮಾತ್ರ ಉತ್ತರ ಭಾರತದ ಬೇಡಿಕೆ ಮೇಲೆ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು; ತಿಪಟೂರು ಮಾರುಕಟ್ಟೆಯ ದರ ಅದನ್ನು ಎಷ್ಟೋ ಮೀರಿ ಹೋಯ್ತು. ಕೊಬ್ಬರಿ ಹಿಂದಿನ ವರ್ಷದಂಥದ್ದೇ ಕೊಬ್ಬರಿ.

ಅದೇ ಬೇಸಿಗೆಯಲ್ಲಿ, ಮೇ 20ರಂದು, ನಮಗೆ ಅರಸೀಕೆರೆ ದಾಟಿದರೆ ಸಿಗುವ ಹಾಸನದ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ನಲ್ಲಿ ಹನ್ನೆರಡು ಕಥೆಗಳು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 50,000 ಪೌಂಡ್, ಇಬ್ಬರಿಗೂ ಸಮಪಾಲು. (ಈ ಪದ್ಧತಿ ನಮ್ಮಲ್ಲೂ ಬರಲಿ.) ಅವತ್ತೇ ಫೋನಿನಲ್ಲಿ ಇಂಗ್ಲಿಷ್ ಪುಸ್ತಕ ಆರ್ಡರ್ ಮಾಡಿದೆ. ಊರಿಗೆ ಹೋದರೆ ಅಮ್ಮನ ಬೀರುವಿನಲ್ಲಿ 'ಹಸೀನಾ ಮತ್ತು ಇತರ ಕಥೆಗಳು' ಇದೆ! ಎಷ್ಟು ವರ್ಷದಿಂದಲೋ.

"ಯಾಕಮ್ಮ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಬೆಲೆ ಬಂದ ಮೇಲೆ ಕೊಬ್ಬರಿ ಕೊಂಡವನನ್ನು ಯಾರೂ ಬೈಯಲ್ಲ. ಪ್ರಶಸ್ತಿ ಬಂದ ಮೇಲೆ ಓದೋದು ಮಾತ್ರ ತಪ್ಪಾ? ತಪ್ಪೇನಿಲ್ಲ ಅಂತಲೇ ಮೊದಲು ಅನ್ನಿಸಿತು. ಎಲ್ಲವನ್ನೂ ಓದೋಕೆ ಯಾರಿಂದಾಗುತ್ತೆ, ಯಾರಾದರೂ ತೋರಿಸಬೇಕು. ಲೇಖಕಿಯೂ ನಮಗಾಗಿ ಕಾದು ಕೂತವರಲ್ಲ. ಎಂಬತ್ತರ ದಶಕದಲ್ಲಿ ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಾ, ಆಮೇಲೆ ವಕೀಲಿಕೆ ನಡೆಸುತ್ತಾ ಬರೆದೇ ಇದ್ದರು. 1999ರಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2004ರಲ್ಲಿ ಗಿರೀಶ್ ಕಾಸರವಳ್ಳಿ ಅವರ ಕಥೆಯಿಂದ 'ಹಸೀನಾ' ಸಿನಿಮಾ ಮಾಡಿದರು.

ಆದರೆ 2000ದ ವಿಷಯ ತಿಳಿದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ. ಮುಸ್ಲಿಂ ಹೆಂಗಸರಿಗೂ ಮಸೀದಿಯೊಳಗೆ ಹೋಗೋ ಹಕ್ಕಿದೆ ಅಂದಿದ್ದಕ್ಕೆ ಅವರಿಗೂ ಮನೆಯವರಿಗೂ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ. ಬೆದರಿಕೆ ಕರೆಗಳು. ಚಾಕು ಹಿಡಿದು ಬಂದವನೊಬ್ಬನನ್ನು ಗಂಡ ತಡೆದರು. ಆಗ 'ನಾನು ಇವರ ಓದುಗ' ಅಂತ ಎದ್ದು ನಿಲ್ಲೋಕೆ ಏನಾದರೂ ತೆರಬೇಕಾಗುತ್ತಿತ್ತು. ನಾನಾಗ ಚಡ್ಡಿ ಹಾಕೋ ಹುಡುಗ, ಬಿಡಿ. ಆದರೆ ಮೇ ತಿಂಗಳಲ್ಲಿ ನಾನು ಹಾಕಿದ ಸ್ಟೇಟಸ್‌ಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಮೂರೇ ತಿಂಗಳಿಗೆ, ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ತೆರೋ ಕಾಲ ಮತ್ತೆ ಬಂತು. ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ವಜಾ ಆಯ್ತು. ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ಅಷ್ಟರೊಳಗೆ ನಮ್ಮ ಕಾಲೇಜು ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ 'ಕನ್ನಡದ ಹೆಮ್ಮೆ' ಅಂದಿದ್ದವರೇ 'ಇವರ್ಯಾಕೆ?' ಅಂತ ಶುರು ಮಾಡಿದ್ದರು. ನಾನು ಉದ್ದಕ್ಕೆ ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮೀಟಿಂಗ್ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಅವರಲ್ಲಿ ಒಬ್ಬನೂ ಒಂದು ಕಥೆ ಓದಿದ ಹಾಗಿರಲಿಲ್ಲ. ನಾನು ನಾಲ್ಕು ಓದಿದ್ದೆ. ಓದಿಯೂ ಸುಮ್ಮನಿದ್ದವನು ನಾನೊಬ್ಬನೇ.

ಅಮ್ಮನ ಪುಸ್ತಕ ಈಗ ಬೆಂಗಳೂರಲ್ಲಿ ನನ್ನ ಹತ್ತಿರ ಇದೆ. ಒಂದು ಕಥೆಯ ನಡುವೆ ಹಳೇ ಬಸ್ ಟಿಕೆಟ್ ಮಡಚಿಟ್ಟಿದ್ದಾಳೆ. ಅಲ್ಲೇ ಯಾಕೆ ನಿಲ್ಲಿಸಿದಳೋ, ಈ ಸಲ ಹೋದಾಗ ಕೇಳಬೇಕು.