ಉಪಕಾರಸ್ಮರಣೆಯೂ ಮತದಾನವೂ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕರೂಢಿ. ಬಹುಕಾಲ ಸೇವೆಗೈದವನನ್ನು ಬಿಟ್ಟು ಎದುರಾಳಿಗೆ ಮತವೀಯುವುದು ಹಾಗಾದರೆ ಕೃತಘ್ನತೆಯೇ? ಆಳಂದ, ಅಫಜಲಪುರ, ಜೇವರ್ಗಿಗಳ ಜನರು ಇದಕ್ಕೆ ದೃಷ್ಟಾಂತವನ್ನು ದೂರ ಅರಸಬೇಕಾದುದಿಲ್ಲ. ಜೇವರ್ಗಿಯವರು 1978ರಿಂದ 2004ರವರೆಗೆ ಏಳು ಸಲ ಧರ್ಮಸಿಂಗರನ್ನು ವಿಧಾನಸಭೆಗೆ ಆರಿಸಿದರು. ಏಳನೆಯ ಗೆಲುವಿನ ಬಳಿಕ ಅವರು ರಾಜ್ಯದ ಮುಖ್ಯಮಂತ್ರಿಗಳೇ ಆದರು. ಅಂಥವರು 2008ರಲ್ಲಿ ದೊಡ್ಡಪ್ಪಗೌಡ ಪಾಟೀಲ ನರಿಬೋಳರೆದುರು ಕೇವಲ 70 ಮತಗಳಿಂದ ಸೋತರು.

ರಸ್ತೆ, ಶಾಲೆ, ಕೆರೆಗಳು ಪ್ರಜೆಗಳ ಧನದಿಂದಲೇ ಆಗತಕ್ಕವು. ಅವರ ಹಣವನ್ನು ಅವರಿಗೇ ಮುಟ್ಟಿಸಿದವನ ಮೇಲೆ ವಿಶ್ವಾಸವಿರಬಹುದು, ಋಣವಿರದು. ಅಲ್ಲದೆ ಮತವು ಮುಂದಣ ಐದು ವರುಷಗಳ ಮಾತು, ಕಳೆದುದರ ಕೂಲಿಯಲ್ಲ. ಆದರೆ ಸೋತ ಮಾತ್ರಕ್ಕೆ ಹಳಬನು ದುಷ್ಟನಾಗುವುದೂ ಇಲ್ಲ. ಗೆದ್ದವರ ಕಡೆಯವರು ಇದನ್ನು ಮರೆಯುವುದೇ ಹೆಚ್ಚು. ಆ 70 ಮತಗಳು ಪೀಠವೇರತಕ್ಕವರು ಯಾರೆಂದು ಹೇಳಿದುವೇ ಹೊರತು ಮೂವತ್ತು ವರುಷಗಳ ಗುಣದೋಷಗಳನ್ನು ತೂಗಲಿಲ್ಲ. ಮರುವರುಷವೇ ಬೀದರದವರು ಧರ್ಮಸಿಂಗರನ್ನು ಲೋಕಸಭೆಗೆ ಕಳುಹಿಸಿದರು. 2013ರಲ್ಲಿ ಜೇವರ್ಗಿಯವರು ಅವರ ಮಗ ಅಜಯಸಿಂಗರನ್ನು ಆರಿಸಿದರು. ಆ ಮತ ತಂದೆಯ ನೆನಪಿಗೆ ಬಿದ್ದಿತೋ, ಮಗನ ಮೇಲಣ ಭರವಸೆಗೋ, ಮತಯಂತ್ರವು ಹೇಳಲಾರದು.