ಗೋಡೆಯ ಯಾವ ಬದಿಯಲ್ಲಿ?





ಈ ಬೇಸಿಗೆ ರಜೆಯಲ್ಲಿ 'ಲೈಲಾ' ಎಂಬ ಹಿಂದಿ ಧಾರಾವಾಹಿಯನ್ನು ಪೂರ್ತಿ ನೋಡಿದೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು, ಒಟ್ಟು 6 ಕಂತು. ಪ್ರಯಾಗ್ ಅಕ್ಬರ್ ಅವರು ಇಂಗ್ಲಿಷಿನಲ್ಲಿ ಬರೆದು 2017ರಲ್ಲಿ ಪ್ರಕಟವಾದ ಇದೇ ಹೆಸರಿನ ಕಾದಂಬರಿ ಇದಕ್ಕೆ ಮೂಲ. ದೀಪಾ ಮೆಹ್ತಾ, ಶಂಕರ್ ರಾಮನ್ ಅವರ ಜೊತೆಗೆ ನಮ್ಮ 'ಲೂಸಿಯಾ' ಸಿನಿಮಾದ ಪವನ್ ಕುಮಾರ್ ಕೂಡ ಇದರ ನಿರ್ದೇಶಕರು. ಇಂಥ ಕಥೆಗಳನ್ನು ಡಿಸ್ಟೋಪಿಯಾ ಎನ್ನುತ್ತಾರೆ. ಇಂದಿನ ಕೇಡು ಹೀಗೇ ಬೆಳೆದರೆ ನಾಳೆ ನಾಡಿಗೆ ಎಂಥ ಗತಿ ಬಂದೀತು ಎಂದು ಕಲ್ಪಿಸಿ ಎಚ್ಚರಿಸುವ ಕಥೆಗಳು ಇವು. ನೋಡಿ ಮುಗಿಸಿದ ಮೇಲೆ ನನಗೆ ಉಳಿದ ಪ್ರಶ್ನೆ ಒಂದೇ: ಈ ಕಥೆ ಯಾರಿಗೆ ನಾಳೆಯದು, ಯಾರಿಗೆ ನಿನ್ನೆಯದು?

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಲ 2040ರ ದಶಕದ ಕೊನೆ. ಆರ್ಯಾವರ್ತ ಎಂಬ ಪ್ರಭುತ್ವ ನಡೆಯುತ್ತಿದೆ. ಒಂದೊಂದು ಸಮುದಾಯಕ್ಕೆ ಒಂದೊಂದು ಬಡಾವಣೆ, ನಡುವೆ ಎತ್ತರದ ಗೋಡೆಗಳು. ಒಳ್ಳೆಯ ನೀರು ಉಳ್ಳವರಿಗೆ ಮಾತ್ರ. ಶಾಲಿನಿ ಹಿಂದೂ, ಗಂಡ ರಿಜ್ವಾನ್ ಮುಸ್ಲಿಂ. ಊರೆಲ್ಲ ನೀರಿಗೆ ಬಾಯಿ ಬಿಡುತ್ತಿರುವಾಗ ಅವರ ಮನೆಯಲ್ಲಿ ಈಜುಕೊಳ. ಒಂದು ದಿನ ಗುಂಪೊಂದು ನುಗ್ಗಿ ಗಂಡನನ್ನು ಕೊಂದು ಶಾಲಿನಿಯನ್ನು ಎಳೆದೊಯ್ಯುತ್ತದೆ. ಮಗಳು ಲೈಲಾ ಕಣ್ಮರೆಯಾಗುತ್ತಾಳೆ. ಬೇರೆ ಧರ್ಮದವನನ್ನು ಮದುವೆಯಾದ ತಪ್ಪಿಗೆ ಶಾಲಿನಿಯನ್ನು 'ಶುದ್ಧಿ' ಮಾಡುವ ಕೇಂದ್ರಕ್ಕೆ ಹಾಕುತ್ತಾರೆ. ಲೈಲಾಳಂಥ ಮಕ್ಕಳಿಗೆ ಅಲ್ಲಿ 'ಮಿಶ್ರಿತ' ಎಂಬ ಹೆಸರು. ತಾಯಿ ಮಗಳನ್ನು ಹುಡುಕುವುದೇ ಉಳಿದ ಕಥೆ.

ಇದನ್ನು ಮೊದಲೇ ನೋಡಿದ್ದ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಹೇಳಿದ್ದರು, "ಮೇಷ್ಟ್ರೇ, ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ದೇಶದಲ್ಲಿ ಹೀಗೂ ಆಗಬಹುದಾ?" ಅವರ ಭಯ ನಿಜವಾದದ್ದು, ಅದರಲ್ಲಿ ನಾಟಕವಿಲ್ಲ. ನಾನು ನೋಡುವಾಗ ನಮ್ಮವ್ವ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಿ ಬಾರದ ಅವಳಿಗೆ ಆಗಾಗ ಅರ್ಥ ಹೇಳುತ್ತಿದ್ದೆ. ಇದು ಮುಂದೆ ಆಗಬಹುದಾದ ಕಥೆ ಎಂದಾಗ ಅವಳು ಕೈ ನಿಲ್ಲಿಸಿ ಕೇಳಿದಳು, "ಮುಂದಾಗೋದಾ ಮಗ? ಆಗೋಗಿರೋದಲ್ವಾ?" ಊರ ಬಾವಿಯ ಹತ್ತಿರ ಹೋಗದೆ ದೂರ ನಿಂತು, ಯಾರಾದರೂ ಸೇದಿ ಎತ್ತರದಿಂದ ಸುರಿದರೆ ಬೊಗಸೆಯೊಡ್ಡಿ ನೀರು ಕುಡಿದು ಬೆಳೆದವಳು ಅವಳು. ಬೇಲಿ, ಕೇರಿ, ಬೇರೆ ಲೋಟ ಯಾವುದೂ ಅವಳಿಗೆ ಕಲ್ಪನೆಯಲ್ಲ.

ಅವ್ವನ ಮಾತಿಗೆ ಚರಿತ್ರೆಯೇ ಸಾಕ್ಷಿ ಇದೆ. ಶುದ್ಧಿ ಕೇಂದ್ರದಲ್ಲಿ ಹೆಂಗಸರನ್ನು ಎಂಜಲಿನ ಮೇಲೆ ಉರುಳಿಸುವ ದೃಶ್ಯವಿದೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಕರ್ನಾಟಕದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹೊತ್ತಿಗೆ ನಡೆಯುತ್ತಿದ್ದ ಮಡೆಸ್ನಾನ ಏನು? ಬ್ರಾಹ್ಮಣರು ಉಂಡು ಬಿಟ್ಟ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆ ಎಂದು ನಂಬಿಸಲಾಗಿತ್ತು. ಅದನ್ನು ನಿಲ್ಲಿಸಲು ಎಷ್ಟೋ ವರ್ಷ ಹೋರಾಟ ನಡೆಯಬೇಕಾಯಿತು. 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಎಂಜಲೆಲೆಯ ಮೇಲೆ ಉರುಳಿಸುವುದನ್ನು ನಿಷೇಧಿಸಬೇಕಾಯಿತು. ನೀರಿನ ವಿಷಯವೂ ಅಷ್ಟೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಆ ಕೆರೆ ಮೈಲಿಗೆಯಾಯಿತೆಂದು ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು. ದನಕ್ಕೆ ಕುಡಿಯಲು ಬಿಟ್ಟ ಕೆರೆ ಮನುಷ್ಯ ಮುಟ್ಟಿದರೆ ಕೆಡುತ್ತದೆ! ಯಾವ ಕಾದಂಬರಿಕಾರ ಇದಕ್ಕಿಂತ ಭಯಂಕರವಾದದ್ದನ್ನು ಕಲ್ಪಿಸಬಲ್ಲ?

ಈ ಮಾತು ನಮ್ಮ ಬಳಗದಲ್ಲಿ ಚರ್ಚೆಗೆ ಬಂದಾಗ ಒಬ್ಬ ತರುಣ ಮಿತ್ರ ಹೇಳಿದ, "ಸರ್, ಒಳ್ಳೇದೇ ಆಯ್ತು ಬಿಡಿ. ಅವರಿಗೂ ಒಂದ್ಸಲ ಗೊತ್ತಾಗಲಿ." ಅವನ ಸಿಟ್ಟು ಎಲ್ಲಿಂದ ಬಂತೆಂದು ನಮಗೆಲ್ಲ ಗೊತ್ತು. ಆದರೂ ಧಮ್ಮದ ದಾರಿಯಲ್ಲಿ ನಡೆಯುವವರು ಅಲ್ಲಿಗೇ ನಿಲ್ಲಬಹುದೇ? ಇಂದಿನ ಚಿಂತನೆಯ ತಿರುಳು ಇದೇ.

1956ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತನಾಡುತ್ತ ಬಾಬಾಸಾಹೇಬರು, ತಮಗೆ ಬೌದ್ಧ ಧರ್ಮ ಏಕೆ ಮೆಚ್ಚು ಎಂಬುದಕ್ಕೆ ಮೂರು ತತ್ವಗಳನ್ನು ಹೆಸರಿಸಿದರು: ಪ್ರಜ್ಞೆ, ಕರುಣೆ, ಸಮತೆ. ಮೂರೂ ಒಟ್ಟಿಗೇ ಇರಬೇಕು. ಶಾಲಿನಿಯ ಕಥೆಯನ್ನು ಈ ಮೂರರ ಬೆಳಕಿನಲ್ಲಿ ನೋಡೋಣ.

ಕರುಣೆ ಯಾರ ಜಾತಿ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಮಗಳನ್ನು ಕಳೆದುಕೊಂಡ ತಾಯಿಯ ದುಃಖ ದುಃಖವೇ. ಅವಳಿಗೆ ಈಜುಕೊಳ ಇತ್ತೆಂಬ ಕಾರಣಕ್ಕೆ ಅದು ಕಡಿಮೆಯಾಗದು. ಶಾಲಿನಿಗೆ ಆದದ್ದನ್ನು ಕಂಡು ಖುಷಿಪಟ್ಟರೆ ನಾವೂ ಹುಟ್ಟು ನೋಡಿ ದುಃಖವನ್ನು ಅಳೆದಂತಾಯಿತು. ಅದು ಆರ್ಯಾವರ್ತದ್ದೇ ಅಳತೆ.

ಆದರೆ ಪ್ರಜ್ಞೆಯಿಲ್ಲದ ಕರುಣೆ ಕುರುಡು. ಅದು ಶಾಲಿನಿಗಾಗಿ ಅಳುತ್ತದೆ, ಅವಳ ಮನೆಯಲ್ಲಿ ದುಡಿಯುತ್ತಿದ್ದ ಸಪ್ನಾಳನ್ನು ಕಾಣುವುದಿಲ್ಲ. ಶುದ್ಧಿ ಕೇಂದ್ರದಲ್ಲಿ ಹೆಂಗಸರಿಗೆ ಒಂದು ಪಾಠವನ್ನು ದಿನವೂ ಬಾಯಿಪಾಠ ಮಾಡಿಸುತ್ತಾರೆ. ಹುಟ್ಟೇ ಕರ್ಮ ಎಂಬುದು ಅದರ ಸಾರ. ಕೇಳುತ್ತಿದ್ದಂತೆ ನನಗೆ ನೆನಪಾದದ್ದು ವಸಲ ಸುತ್ತ. ಹುಟ್ಟಿನಿಂದ ಯಾರೂ ಕೀಳಲ್ಲ, ಯಾರೂ ಮೇಲಲ್ಲ, ಮಾಡುವ ಕೆಲಸದಿಂದಲೇ ಮನುಷ್ಯನ ನಿರ್ಣಯ ಎಂದು ಬುದ್ಧ ಅದರಲ್ಲಿ ಹೇಳುತ್ತಾನೆ. ಕರ್ಮ ಎಂಬ ಒಂದೇ ಮಾತು. ಬುದ್ಧನಲ್ಲಿ ಅದು ಬಿಡುಗಡೆಯ ಬಾಗಿಲು, ಆರ್ಯಾವರ್ತದಲ್ಲಿ ಸೆರೆಮನೆಯ ಬೀಗ. ಅದಕ್ಕಾಗಿಯೇ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಹಿಂದಿನ ಜನ್ಮದ ಪಾಪದಿಂದ ಈ ಜನ್ಮದ ಬಡತನ, ಕೀಳುತನ ಎಂಬ ವಾದವನ್ನು ಬುದ್ಧನ ತಲೆಗೆ ಕಟ್ಟಬಾರದೆಂದು ಅಷ್ಟು ಬಿಗಿಯಾಗಿ ವಾದಿಸಿದರು.

ಈಗ ಸಮತೆ. ಮೂರರಲ್ಲಿ ಕಷ್ಟದ್ದು ಇದು. ಹುಡುಕಿ ಹುಡುಕಿ ಕೊನೆಗೆ ಲೈಲಾ ಸಿಕ್ಕುವುದು ಸಪ್ನಾಳ ಮಡಿಲಲ್ಲಿ. ಮನೆಗೆಲಸದ ಸಪ್ನಾ ಈಗ ಆರ್ಯಾವರ್ತದಲ್ಲಿ ಮೇಲೇರಿದ ಕುಟುಂಬದವಳು. ಮಗು ಹೆತ್ತ ತಾಯಿಯನ್ನು ಗುರುತಿಸುವುದಿಲ್ಲ. ಕೆಳಗಿದ್ದವಳು ಮೇಲೆ ಬಂದಳಲ್ಲ, ಸಂತೋಷಪಡೋಣವೇ? ಗೋಡೆ ಹಾಗೇ ಇದೆ, ಅವಳು ನಿಂತ ಬದಿ ಮಾತ್ರ ಬದಲಾಗಿದೆ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಎಂದರು. ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಬ್ಬನನ್ನು ಕೊಟ್ಟರೆ ಏಣಿಯನ್ನು ಕೆಡವಲು ಯಾರೂ ಒಟ್ಟಾಗುವುದಿಲ್ಲ. ಆರ್ಯಾವರ್ತ ನಿಂತಿರುವುದು ಬರೀ ಬಂದೂಕಿನ ಬಲದಿಂದಲ್ಲ. ತನ್ನ ಬದಿಯ ಗೋಡೆ ತಂಪಾಗಿದೆ ಎಂದು ಅದಕ್ಕೆ ಒರಗಿ ಕುಳಿತವರ ಬಲದಿಂದ.

ಆದ್ದರಿಂದ ನಮ್ಮನ್ನೇ ಕೇಳಿಕೊಳ್ಳಬೇಕು. ದೀಕ್ಷೆ ಪಡೆದ ನಮ್ಮ ಮನೆಗಳಲ್ಲೂ ಮಗನಿಗೆ ಹೆಣ್ಣು ನೋಡುವಾಗ "ಅವರು ಬಲಗೈಯವರೋ, ಎಡಗೈಯವರೋ?" ಎಂಬ ಪಿಸುಮಾತು ಇನ್ನೂ ಕೇಳುತ್ತದೆ. ವೇದಿಕೆಯ ಮೇಲೆ ನಾವೆಲ್ಲ ಒಂದೇ, ಲಗ್ನಪತ್ರಿಕೆಯಲ್ಲಿ ಬೇರೆ ಬೇರೆ. ಸಭೆಯಲ್ಲಿ ಸಮತೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಗಂಡಸರು, ಹಿಂದೆ ಅಡುಗೆ ಮಾಡಿ ಬಡಿಸಿದ ಹೆಂಗಸರು ಉಂಡರೋ ಇಲ್ಲವೋ ಎಂದು ಕೇಳದೆ ಚಪ್ಪಲಿ ಮೆಟ್ಟುವುದೂ ಉಂಟು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡ ಮೇಲೆ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ತಾಯಿಗೆ ನಾವು ನೀರು ಕೊಡುವುದು ಯಾವ ಲೋಟದಲ್ಲಿ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎರಡು ಅಕ್ಕಪಕ್ಕದಲ್ಲೇ ಇವೆ. ಒಂಬತ್ತನೆಯದು ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು. ಹತ್ತನೆಯದು ಆ ಸಮಾನತೆಯನ್ನು ನೆಲೆಗೊಳಿಸಲು ದುಡಿಯುವುದು. ನಂಬಿಕೆಯೊಂದೇ ಸಾಕಿದ್ದರೆ ಅವರು ಹತ್ತನೆಯದನ್ನು ಬೇರೆಯಾಗಿ ಬರೆಯುತ್ತಿರಲಿಲ್ಲ.

ನಮ್ಮನ್ನು ಹೊರಗಿಟ್ಟ ಗೋಡೆ ನಮಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ನಮಗೆ ಅನುಕೂಲವಾದ ಗೋಡೆಯನ್ನು ಕಾಣುವುದಕ್ಕೆ ಸಮ್ಯಕ್ ದೃಷ್ಟಿ ಬೇಕು.

ಇಂದಿನ ಅಭ್ಯಾಸ: ಮಲಗುವ ಮುನ್ನ ಐದು ನಿಮಿಷ ಉಸಿರನ್ನು ಗಮನಿಸುತ್ತ ಕುಳಿತು, ನಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಬಳಗದಲ್ಲಿ ನಮಗೆ ಅನುಕೂಲವಾಗಿರುವ ಒಂದು ಗೋಡೆಯನ್ನು ಹೆಸರಿಟ್ಟು ಗುರುತಿಸೋಣ. ನಾಳೆ ಅದರಿಂದ ಒಂದು ಇಟ್ಟಿಗೆಯನ್ನಾದರೂ ಕೀಳೋಣ.

ಜೈ ಭೀಮ್. ನಮೋ ಬುದ್ಧಾಯ.