ಅಂಗಳದ ಹಸಿರು ಯಾರ ನೀರು?

ಗೋಕಾಕದಲ್ಲಿ ಮನೆ ಕಟ್ಟಿಸಿದ ವರ್ಷ ಅಂಗಳಕ್ಕೆ ಲಾನ್ ಹಾಕಿಸಿದೆ. ಇಪ್ಪತ್ತು ಅಡಿಗೆ ಮೂವತ್ತು ಅಡಿ. ಮೂಡಲಗಿ ಕಡೆಯ ಹಳ್ಳಿಯಿಂದ ಬಂದ ಅವ್ವ ಬಾಗಿಲಲ್ಲೇ ನಿಂತು ನೋಡಿದಳು. ‘ಹೊಲದಾಗಿನ ಕರಿಕಿ ಕಿತ್ತು ಕಿತ್ತು ನಮ್ಮ ಕೈ ಸವದಾವು. ನೀ ರೊಕ್ಕಾ ಕೊಟ್ಟು ಹುಲ್ಲು ಹಚ್ಚೀಯಲ್ಲೋ ತಮ್ಮಾ!’ ಅಂದಳು. ಇಬ್ಬರೂ ನಕ್ಕೆವು.

ಏಪ್ರಿಲ್ ಬಂದಾಗ ನಗು ನಿಂತಿತು. ಬೇಸಿಗೆಯಲ್ಲಿ ಇಂಥ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನನ್ನ ಅಂಗಳ 56 ಚದರ ಮೀಟರ್. ಅಂದರೆ ದಿನಕ್ಕೆ 280 ಲೀಟರ್. ಹಳ್ಳಿಯ ಮನೆಗಳಿಗೆ ಜಲಜೀವನ ಮಿಷನ್ ಗೊತ್ತು ಮಾಡಿರುವುದು ತಲೆಗೆ 55 ಲೀಟರ್. ನಾನು ಐದು ಜನರ ನೀರನ್ನು ಯಾರೂ ಕೂಡದ, ದನವೂ ಮೇಯದ ಒಂದು ಹುಲ್ಲಿಗೆ ಕುಡಿಸುತ್ತಿದ್ದೆ.

‘ನನ್ನ ಅಂಗಳ, ನನ್ನಿಷ್ಟ’ ಎನ್ನಬಹುದಿತ್ತು. ಜಾಗದ ಉತಾರ ನನ್ನ ಹೆಸರಿನಲ್ಲಿದೆ ನಿಜ. ಆದರೆ ನೀರಿಗೆ ಉತಾರ ಇಲ್ಲ. ನನ್ನ ಬೋರ್‌ವೆಲ್ ಎತ್ತುವ ನೀರು ನನ್ನ ಕಂಪೌಂಡಿನ ಗೆರೆ ನೋಡಿಕೊಂಡು ನಿಂತಿರುವುದಿಲ್ಲ. ಪಕ್ಕದ ಮನೆಯ ಕೆಳಗಿನದೂ ಅದರಲ್ಲಿರುತ್ತದೆ.

ನಮ್ಮ ಭಾಗದ ಹಸಿರಿಗೆ ಒಂದು ಹಿನ್ನೆಲೆಯೂ ಇದೆ. ಸಹ್ಯಾದ್ರಿಯ ಮಳೆ ನಮ್ಮತನಕ ಬರುವುದರೊಳಗೆ ಬಡವಾಗಿರುತ್ತದೆ. ಗೋಕಾಕದ ಸುತ್ತ ವರ್ಷಕ್ಕೆ ಬೀಳುವುದು ಸುಮಾರು 500ರಿಂದ 600 ಮಿಲಿಮೀಟರ್. ಉಳಿದದ್ದನ್ನು ಘಟಪ್ರಭೆ ಹೊತ್ತು ತರುತ್ತಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಆಕೆಯನ್ನು ತಡೆದು ನಿಲ್ಲಿಸಿದಾಗ ಊರುಗಳೇ ಮುಳುಗಿದವು. ಬೇಸಿಗೆಯಲ್ಲಿ ಜಲಾಶಯ ಇಳಿದರೆ ಹುನ್ನೂರಿನ ವಿಠ್ಠಲನ ಗುಡಿ ಇಂದಿಗೂ ಹೊರಗೆ ಕಾಣುತ್ತದೆ. ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆ ಮೂಡಲಗಿ ಸೀಮೆಗೆ ಕಬ್ಬು ತಂದಿತು. ಯಾರೋ ಮನೆ, ಹೊಲ, ದೇವರನ್ನು ಬಿಟ್ಟು ಎದ್ದು ಹೋದದ್ದರಿಂದ ಬಂದ ಹಸಿರು ಇದು. ಅದನ್ನು ಬಳಸಬಾರದು ಎಂದಲ್ಲ, ಬಳಸುವಾಗ ಕೈ ಸ್ವಲ್ಪ ಹಿಡಿತದಲ್ಲಿರಬೇಕು.

ಲಾನ್ ಕಿತ್ತು ತಂಗಡಿ, ಕವಳಿ, ಒಂದು ಕಕ್ಕೆ, ಒಂದು ಬೇವು ಹಚ್ಚಿದೆ. ಮೊದಲ ಎರಡು ಬೇಸಿಗೆ ನೀರು ಹಾಕಿ ಕಾಪಾಡಬೇಕಾಯಿತು; ಬರ ತಡೆಯುವ ಗಿಡವೂ ಬೇರು ಇಳಿಯುವತನಕ ಕೂಸೇ. ಗಿಡದ ಬುಡಕ್ಕೆ ಒಣ ಎಲೆ ಮುಚ್ಚಿದೆ. ಈಗ ತಂಗಡಿ ಕೇಳದೆಯೇ ಹಳದಿ ಹೂ ಬಿಡುತ್ತದೆ. ನೆಲ ಮಾತ್ರ ಬೇಸಿಗೆಯಲ್ಲಿ ಬೂದಿಬಣ್ಣ. ‘ಮನ್ಯಾಗ ಯಾರೂ ಇಲ್ಲೇನು?’ ಎಂದು ಬಂದವರೊಬ್ಬರು ಕೇಳಿದಾಗ ನಾಚಿಕೆಯಾಯಿತು. ಒಣಗಿದ್ದನ್ನು ಬಡತನವೆಂದೂ ಹಸಿರಾದದ್ದನ್ನು ಸಿರಿಯೆಂದೂ ನೋಡಲು ಕಣ್ಣು ಕಲಿತುಬಿಟ್ಟಿದೆ. ಗಿಡ ಬದಲಿಸಿದಷ್ಟು ಸುಲಭವಾಗಿ ಕಣ್ಣು ಬದಲಾಗುವುದಿಲ್ಲ.

ಹಾಗೆಂದು ‘ದೇಸಿ ಗಿಡವೇ ಶ್ರೇಷ್ಠ’ ಎಂದು ಬೀಗುವುದೂ ನನಗೆ ಒಗ್ಗದು. ನಮ್ಮ ಅಡುಗೆಮನೆಯ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಅದನ್ನು ಪರದೇಶಿ ಎಂದು ಯಾರು ತಳ್ಳುತ್ತಾರೆ? ಬಳ್ಳಾರಿ ಜಾಲಿಯೂ ಅಲ್ಲಿಂದಲೇ ಬಂತು. ಬರ ತಡೆಯುವುದರಲ್ಲಿ ಅದನ್ನು ಮೀರಿಸುವ ಗಿಡ ಕಡಿಮೆ. ಆದರೆ ಅದು ಕಾಲೂರಿದಲ್ಲಿ ಉಳಿದವಕ್ಕೆ ಜಾಗವಿಲ್ಲ. ಆದ್ದರಿಂದ ಎಲ್ಲಿಂದ ಬಂದೆ ಎಂಬುದು ಸರಿಯಾದ ಪ್ರಶ್ನೆಯಲ್ಲ. ಬಂದ ಮೇಲೆ ಎಷ್ಟು ಬೇಡುತ್ತೀ, ಪಕ್ಕದವರಿಗೆ ಎಷ್ಟು ಉಳಿಸುತ್ತೀ ಎಂಬುದೇ ಪ್ರಶ್ನೆ. ಗಿಡಕ್ಕೆ ಕೇಳುವ ಈ ಪ್ರಶ್ನೆಯನ್ನು ಮನುಷ್ಯನಿಗೂ ಕೇಳಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಂದದ್ದು ಮೂಡಲಗಿಯ ಕಾಕಾನಿಂದ. ಲಾನ್ ಇನ್ನೂ ಇದ್ದಾಗ ಒಮ್ಮೆ ಅವನಿಗೆ ಹನಿ ನೀರಾವರಿಯ ಉಪದೇಶ ಮಾಡಹೋಗಿದ್ದೆ. ಕಬ್ಬು ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಕುಡಿಯುತ್ತದೆ, ನಮ್ಮ ಮಳೆಯ ಎರಡೂವರೆಯಿಂದ ಐದು ಪಟ್ಟು. ಕಾಕಾ ಸಿಟ್ಟಾಗಲಿಲ್ಲ. ‘ನಾ ನೀರು ಹಾಸೂದು ಹೊಟ್ಟಿಗೆ. ನೀ ಹಾಸೂದು ಯಾತಕ್ಕ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಇಷ್ಟು ಕಬ್ಬಿನ ನಡುವೆ ನನ್ನ 56 ಚದರ ಮೀಟರಿನ ತ್ಯಾಗ ಯಾವ ಲೆಕ್ಕ? ನದಿಯ ಲೆಕ್ಕದಲ್ಲಿ ಅದು ಏನೂ ಅಲ್ಲ. ನಾನು ಕಬ್ಬಿನಿಂದ ದೂರ ನಿಂತವನೂ ಅಲ್ಲ. ಬೀಗರಿಗೆ ಹೆಮ್ಮೆಯಿಂದ ಕಳಿಸುವ ಗೋಕಾಕದ ಕರದಂಟಿನಲ್ಲಿ ಅಂಟು ಒಣಭೂಮಿಯ ಮರದ್ದು, ಬೆಲ್ಲ ಕಾಲುವೆಯ ನೀರಿನದು. ಎರಡನ್ನೂ ತಿಂದ ಬಾಯಿ ಇದು. ಹೀಗಾಗಿ ನನ್ನ ಅಂಗಳ ನದಿಯನ್ನು ಉಳಿಸುತ್ತದೆ ಎಂದು ಹೇಳಲಾರೆ.

ಆದರೆ ನೀತಿ ಎಂಬುದು ಬರೀ ಮೊತ್ತದ ಮಾತಲ್ಲ ಎಂದು ನನಗನ್ನಿಸುತ್ತದೆ. ಅಗತ್ಯವಿಲ್ಲದ ನೀರನ್ನು ಮೊದಲು ಬಿಡಬೇಕಾದವನು ಅಗತ್ಯವಿಲ್ಲದೆ ಬಳಸುವವನು. ಅವನು ಬಿಡದೆ, ಹೊಟ್ಟೆಗಾಗಿ ಬಳಸುವವನಿಗೆ ಬುದ್ಧಿ ಹೇಳಿದರೆ ಅದು ಅನ್ಯಾಯ. ಚಿಕ್ಕ ತ್ಯಾಗದಿಂದ ದೊಡ್ಡ ಸಮಸ್ಯೆ ಪರಿಹಾರವಾಗುವುದಿಲ್ಲ. ಅದರ ಬಗ್ಗೆ ಮಾತಾಡುವ ಬಾಯಿ ಮಾತ್ರ ಸ್ವಲ್ಪ ಚೊಕ್ಕವಾಗುತ್ತದೆ.

ಹೋದ ದೀಪಾವಳಿಗೆ ಮೂಡಲಗಿಗೆ ಹೋಗಿದ್ದಾಗ ಮತ್ತೆ ಹನಿ ನೀರಾವರಿಯ ಮಾತು ತೆಗೆದೆ. ಕಾಕಾ ನನ್ನನ್ನೇ ನೋಡಿದ.

‘ನಿನ್ನ ಹುಲ್ಲು ಏನಾತೋ?’

‘ತಗದೀನಿ ಕಾಕಾ.’

ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ‘ಹಂಗಾದ್ರ ಕೂಡ್ರು, ಮಾತಾಡೂಣು’ ಎಂದ.